ಹಿಮದ ದಾರಿಗೊಂದು ಹಳೆಯ ಗಾಡಿ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯವರಿಗೆ ಚಂದ್ರಭಾಗೆ ಎಂದರೆ ಪಂಢರಪುರದ ಹೊಳೆ. ವಿಠ್ಠಲನ ಊರಿನ ಬಳಿ ಭೀಮಾನದಿ ಅರ್ಧಚಂದ್ರಾಕಾರವಾಗಿ ಬಳಸಿ ಹರಿಯುವುದರಿಂದ ಅಲ್ಲಿ ಅದಕ್ಕೆ ಆ ಹೆಸರು. ಆದರೆ ಇದೇ ಹೆಸರಿನ ಇನ್ನೊಂದು ನದಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿದೆ. ಬಾರಾಲಾಚಾ ಘಾಟಿನ ಎರಡು ಮಗ್ಗುಲುಗಳಲ್ಲಿ ಹುಟ್ಟುವ ಚಂದ್ರಾ ಮತ್ತು ಭಾಗಾ ಎಂಬ ಎರಡು ಹೊಳೆಗಳು ಬೇರೆ ಬೇರೆ ದಾರಿಯಲ್ಲಿ ಸುತ್ತಿ ಬಂದು ತಾಂಡಿ ಎಂಬ ಊರಿನ ಬಳಿ ಕೂಡುತ್ತವೆ. ಅಲ್ಲಿಂದ ಮುಂದೆ ಅದು ಚಂದ್ರಭಾಗಾ. ಜಮ್ಮುವಿನ ಸೀಮೆಯಲ್ಲಿ ಅದೇ ಚಿನಾಬ್. ಕಳೆದ ಡಿಸೆಂಬರಿನಲ್ಲಿ ನ್ಯಾಯಾಲಯಗಳಿಗೆ ರಜೆ ಇದ್ದಾಗ ನಾನು ಈ ಕಣಿವೆಗೆ ಹೋದುದು ತೀರ್ಥಯಾತ್ರೆಗಾಗಿ ಅಲ್ಲ. ಬಾಲ್ಯದ ಗೆಳೆಯನೊಬ್ಬನಿಗೆ ಹಳೆಯ ಗಾಡಿಯೊಂದನ್ನು ಕೊಳ್ಳುವುದರಲ್ಲಿ ನೆರವಾಗುವುದಕ್ಕೆ. ಅವನು ಎಂಜಿನ್ ನೋಡಿದರೆ ಸಾಕು, ಕಾಗದ ನಾನು ನೋಡಬೇಕು ಎಂಬುದು ನಮ್ಮೊಳಗಿನ ಕರಾರು.

ಗೆಳೆಯನೂ ನಾನೂ ಒಂದೇ ಕನ್ನಡ ಶಾಲೆಯ ಹಲಗೆಯ ಮೇಲೆ ಅಕ್ಷರ ಕಲಿತವರು. ನಾನು ಎಲ್‌ಎಲ್‌ಬಿ ಮುಗಿಸಿ ಊರಿನಲ್ಲಿಯೇ ಕಪ್ಪು ಕೋಟು ತೊಟ್ಟೆ. ಅವನು ಗಡಿ ರಸ್ತೆ ಸಂಸ್ಥೆಯ ಉಗ್ರಾಣದ ಕೆಲಸಕ್ಕೆ ಸೇರಿ ಹಿಮಾಲಯದ ಪಾಲಾದ. ಲಾಹೌಲಿನ ಹುಡುಗಿಯನ್ನು ಮದುವೆಯಾಗಿ, ಕೆಲಸ ಬಿಟ್ಟು, ಈಗ ಸಿಸ್ಸು ಗ್ರಾಮದಲ್ಲಿ ಪ್ರವಾಸಿಗರಿಗಾಗಿ ಮೂರು ಕೋಣೆಗಳ ವಸತಿ ನಡೆಸುತ್ತಾನೆ. ಬೇಸಗೆಯಲ್ಲಿ ಮಾವನ ಹೊಲದ ಬಟಾಣಿ, ಹೂಕೋಸುಗಳನ್ನು ಮನಾಲಿಯ ಕಡೆಗೆ ಸಾಗಿಸುತ್ತಾನೆ. ಮನೆಯಲ್ಲಿ ಲಾಹೌಲಿ, ಹಿಂದಿ. ಫೋನಿನಲ್ಲಿ ನನ್ನೊಡನೆ ಮಾತ್ರ ಇಂದಿಗೂ ಅಕ್ಕಲಕೋಟೆಯ ಕನ್ನಡ.

ಆ ಕಣಿವೆಯ ಬದುಕಿನಲ್ಲಿ ಗಾಡಿಗೆ ಇರುವ ಸ್ಥಾನ ನಮಗೆ ಸುಲಭವಾಗಿ ತಿಳಿಯುವಂಥದಲ್ಲ. ಮನಾಲಿಗೂ ಲಾಹೌಲಿಗೂ ನಡುವೆ 3,978 ಮೀಟರ್ ಎತ್ತರದ ರೋಹತಾಂಗ್ ಘಾಟು ಗೋಡೆಯಂತೆ ನಿಂತಿದೆ. ವರ್ಷದಲ್ಲಿ ಆರು ತಿಂಗಳ ಕಾಲ ಹಿಮ ಅದನ್ನು ಮುಚ್ಚುತ್ತಿತ್ತು. ಚಳಿಗಾಲದಲ್ಲಿ ಕಾಯಿಲೆ ಬಿದ್ದವರಿಗೆ ಸರಕಾರದ ಹೆಲಿಕಾಪ್ಟರೇ ಗತಿ. ಹವೆ ಕೆಟ್ಟರೆ ಅದೂ ಇಲ್ಲ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ ಈ ಗೋಡೆಯಲ್ಲಿ ಬಾಗಿಲು ಮೂಡಿತು. ಸಮುದ್ರಮಟ್ಟದಿಂದ 3,000 ಮೀಟರಿಗಿಂತ ಎತ್ತರದಲ್ಲಿ, 9.02 ಕಿಲೊಮೀಟರ್ ಉದ್ದಕ್ಕೆ ಬೆಟ್ಟವನ್ನು ಕೊರೆದಿದ್ದಾರೆ; ಮನಾಲಿ–ಕೇಲಾಂಗ್ ದಾರಿ 46 ಕಿಲೊಮೀಟರ್ ಕಡಿಮೆಯಾಗಿದೆ. ಆದರೆ ಸುರಂಗದೊಳಗೆ ಹಿಮ ಬೀಳದಿದ್ದರೂ ಅದರ ಎರಡೂ ಬಾಯಿಗಳಲ್ಲಿ ಬೀಳುತ್ತದೆ. ಬಾಗಿಲು ತೆರೆದಿದ್ದರೂ ಹೊಸ್ತಿಲವರೆಗೆ ಮುಟ್ಟಿಸುವ ಗಾಡಿ ಬೇಕು.

ಗೆಳೆಯನಿಗೆ ಆ ಗಾಡಿಯ ಅಗತ್ಯ ಬಂದುದು ಅವನ ಮಾವನ ಕಾಯಿಲೆಯಿಂದ. ಹೃದಯದ ತೊಂದರೆಯ ಆ ಹಿರಿಯರನ್ನು ತಿಂಗಳಿಗೊಮ್ಮೆ ಕುಲ್ಲುವಿನ ಆಸ್ಪತ್ರೆಗೆ ಒಯ್ಯಬೇಕು. ಜನವರಿ, ಫೆಬ್ರವರಿಗಳಲ್ಲಿಯೂ ಒಯ್ಯಬೇಕು. ಉಳಿದ ದಿನಗಳಲ್ಲಿ ಗ್ಯಾಸ್ ಸಿಲಿಂಡರ್, ರೇಶನ್, ಸೌದೆ ತರಬೇಕು. ಬೇಸಗೆಯಲ್ಲಿ ತರಕಾರಿಯ ಸಣ್ಣ ಟ್ರೈಲರ್ ಎಳೆಯಬೇಕು. ಹೊಸ ಗಾಡಿಯ ಮಾತೇ ಇರಲಿಲ್ಲ. ಟೈರು, ರಿಪೇರಿ ಎಲ್ಲವೂ ಸೇರಿ ಎಂಟು ಲಕ್ಷ ರೂಪಾಯಿ ಮಾತ್ರ ಅವನ ಕೈಯಲ್ಲಿತ್ತು, ಅದರಲ್ಲಿಯೂ ಅರ್ಧ ಹೆಂಡತಿಯ ಉಳಿತಾಯ.

ಸೊಲ್ಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಕುಲ್ಲುವಿಗೆ ಮುಟ್ಟಿದೆ. ಬಿಯಾಸ್ ನದಿಯ ದಂಡೆಯ ಆ ಪಟ್ಟಣದಲ್ಲಿ ಗೆಳೆಯ, ಅವನ ಹೆಂಡತಿ ನನಗಾಗಿ ಕಾದಿದ್ದರು. ಎರಡು ದಿನ ಹಳೆಯ ಗಾಡಿಗಳನ್ನು ನೋಡುವುದೇ ಕೆಲಸ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಫೋರ್ ವೀಲ್ ಡ್ರೈವ್ ಎಂದರೆ ಎಂಜಿನ್ನಿನ ಬಲವು ಎರಡು ಚಕ್ರಗಳಿಗಷ್ಟೇ ಅಲ್ಲದೆ ನಾಲ್ಕಕ್ಕೂ ಹಂಚಿಕೆಯಾಗುವ ವ್ಯವಸ್ಥೆ. ಹಿಮದಲ್ಲಿ ಎರಡು ಚಕ್ರ ಜಾರಿ ಸುಮ್ಮನೆ ತಿರುಗುತ್ತಿದ್ದರೆ ಇನ್ನೆರಡು ಗಾಡಿಯನ್ನು ಮುಂದೆ ಒಯ್ಯುತ್ತವೆ. ಆದುದರಿಂದಲೇ ಹಿಮ ಬಿದ್ದ ದಿನ ಪೊಲೀಸರು ಸೋಲಂಗ್ ಕಣಿವೆಯ ಬಳಿ ಗಾಡಿಗಳನ್ನು ತಡೆದು, ಫೋರ್ ಬೈ ಫೋರ್ ಗಾಡಿಗಳನ್ನೂ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಗಳನ್ನೂ ಮಾತ್ರ ಮುಂದೆ ಬಿಡುತ್ತಾರೆ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಹಿಮದಲ್ಲಿ ಸಿಲುಕಿ, ಪ್ರವಾಸಿಗರನ್ನು ರಾತ್ರೋರಾತ್ರಿ ಬಿಡಿಸಿ ತರಬೇಕಾದ ಪ್ರಸಂಗ ಎಲ್ಲರಿಗೂ ನೆನಪಿದೆ.

ಆದರೆ ನಾಲ್ಕು ಚಕ್ರಗಳ ಬಲ ಗಾಡಿಯನ್ನು ಹೊರಡಿಸುತ್ತದೆ, ಏರಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಿಗೇ ಇರುತ್ತದೆ. ಅದು ಹಿಡಿಯುವುದು ಟೈರಿಗೂ ನೆಲಕ್ಕೂ ಇರುವ ಘರ್ಷಣೆಯ ಆಧಾರದ ಮೇಲೆ. ನಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಕಲಿಯುವ ಲೆಕ್ಕವನ್ನೇ ಇಲ್ಲಿ ಮಾಡಿ ನೋಡಬಹುದು. ಒಣ ಡಾಂಬರಿನ ಮೇಲೆ ಘರ್ಷಣಾಂಕ ಸುಮಾರು 0.7, ತುಳಿದು ಗಟ್ಟಿಯಾದ ಹಿಮದ ಮೇಲೆ 0.2, ಮಂಜುಗಡ್ಡೆಯ ಮೇಲೆ 0.1. ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಬರುವ ಗಾಡಿ ಬ್ರೇಕು ತುಳಿದ ಮೇಲೆ ಡಾಂಬರಿನಲ್ಲಿ 9 ಮೀಟರಿನೊಳಗೆ ನಿಂತರೆ, ಹಿಮದ ಮೇಲೆ 30 ಮೀಟರಿಗೂ ಹೆಚ್ಚು, ಮಂಜುಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು ಜಾರುತ್ತದೆ. ಇದು ಸಮನಾದ ನೆಲದ ಮಾತು. ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ರಸ್ತೆಯಲ್ಲಿ, ಘರ್ಷಣಾಂಕವೂ 0.1 ಆಗಿದ್ದರೆ, ಗಾಡಿ ನಿಲ್ಲುವುದೇ ಇಲ್ಲ. ಸೂತ್ರದಲ್ಲಿ ತೂಕ ಎಲ್ಲಿಯೂ ಬರುವುದಿಲ್ಲ. ಎರಡು ಟನ್ನಿನ ದೊಡ್ಡ ಗಾಡಿಯೂ ಒಂದು ಟನ್ನಿನ ಸಣ್ಣ ಗಾಡಿಯೂ ಒಂದೇ ರೀತಿ ಜಾರುತ್ತವೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಮಾತ್ರ ಜಾರುವ ದೂರ ಕಾಲುಭಾಗಕ್ಕೆ ಇಳಿಯುತ್ತದೆ.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಗಾಡಿ ನೋಡುವವನ ಕಣ್ಣು ಬೇರೆಯಾಗುತ್ತದೆ. ಬಣ್ಣ, ಎತ್ತರ, ಎಂಜಿನ್ನಿನ ಗರ್ಜನೆ ಇವೆಲ್ಲ ಹಿಂದಕ್ಕೆ ಸರಿದು ಟೈರು, ಬ್ರೇಕು, ಲೋ ರೇಂಜ್ ಎಂಬ ಮೂರು ಮುಂದೆ ಬರುತ್ತವೆ. ಲೋ ರೇಂಜ್ ಎಂದರೆ ಚಕ್ರದ ವೇಗವನ್ನು ತಗ್ಗಿಸಿ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುವ ಇನ್ನೊಂದು ಗೇರು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ, ಎಂಜಿನ್ನಿನ ಹಿಡಿತದಲ್ಲಿಯೇ ಮನುಷ್ಯ ನಡೆಯುವ ವೇಗದಲ್ಲಿ ಗಾಡಿಯನ್ನು ಇಳಿಸಲು ಅದು ಬೇಕು. ಹಿಮದ ನಾಡಿನಲ್ಲಿ ಅದರ ಮುಖ್ಯ ಉಪಯೋಗ ಏರುವುದಕ್ಕಲ್ಲ, ಇಳಿಯುವುದಕ್ಕೆ.

ನಾವು ನೋಡಿದ ಮೊದಲ ಗಾಡಿ ಒಬ್ಬ ವ್ಯಾಪಾರಿಯ ಅಂಗಳದಲ್ಲಿತ್ತು. ಕಪ್ಪು ಬಣ್ಣದ ದೊಡ್ಡ ಡೀಸೆಲ್ ಗಾಡಿ; ತೊಳೆದು, ಹೊಳಪು ಹಚ್ಚಿ ಮದುಮಗನಂತೆ ನಿಲ್ಲಿಸಿದ್ದರು. ಬೆಲೆಯೂ ನಿರೀಕ್ಷೆಗಿಂತ ಕಡಿಮೆ. ಗೆಳೆಯನ ಮುಖ ಅರಳಿತು. ದೆಹಲಿಯ ನೋಂದಣಿ ಎಂದು ಕಂಡ ಕೂಡಲೆ ನಾನು ಆರ್‌ಸಿ ಕೇಳಿದೆ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ದೆಹಲಿ ಪ್ರದೇಶದಲ್ಲಿ ಓಡಬಾರದೆಂದು ಆದೇಶಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಮುಂದೆ ಅದರಲ್ಲಿ ಮಾರ್ಪಾಡುಗಳಾಗಿವೆ. ಆದರೆ ಅಂದಿನಿಂದ ವಯಸ್ಸಾಗುತ್ತಿರುವ ದೆಹಲಿಯ ಡೀಸೆಲ್ ಗಾಡಿಗಳು ಅಗ್ಗವಾಗಿ ಹೊರರಾಜ್ಯಗಳಿಗೆ ಹರಿಯುತ್ತ ಬಂದಿವೆ, ಸೊಲ್ಲಾಪುರಕ್ಕೂ ಬರುತ್ತವೆ. ಅಂಥ ಗಾಡಿ ಕೊಳ್ಳುವುದು ತಪ್ಪಲ್ಲ. ಆದರೆ ಅದಕ್ಕೆ ದೆಹಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಇರಲೇಬೇಕು. ಈ ಗಾಡಿಗೆ ಅದು ಇರಲಿಲ್ಲ. "ಬರುತ್ತದೆ, ಒಂದು ವಾರ" ಎಂದರು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ಒತ್ತೆಯ ನಮೂದು ಹಾಗೆಯೇ ಉಳಿದಿತ್ತು. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರವೂ ಒತ್ತೆ ರದ್ದುಪಡಿಸುವ 35ನೇ ನಮೂನೆಯೂ ಇರಲಿಲ್ಲ. ಅಷ್ಟರಲ್ಲಿ ಗೆಳೆಯನ ಹೆಂಡತಿ ಬಗ್ಗಿ ಒಳಗೆ ಇಣುಕಿ, "ಇದರಲ್ಲಿ ಆ ಗುಂಡಿ ಎಲ್ಲಿದೆ?" ಎಂದು ಕೇಳಿದಳು. ಗುಂಡಿಯೂ ಇರಲಿಲ್ಲ, ಹಿಡಿಕೆಯೂ ಇರಲಿಲ್ಲ. ನೋಡಲು ಬೆಟ್ಟ ಹತ್ತುವ ಗಾಡಿ. ಬಲವೆಲ್ಲ ಹಿಂದಿನ ಎರಡೇ ಚಕ್ರಗಳಿಗೆ.

ಇದು ಅನೇಕರು ಬೀಳುವ ಹಳ್ಳ. ಒಂದೇ ಹೆಸರಿನ, ಒಂದೇ ರೂಪದ ಗಾಡಿಗಳಲ್ಲಿ ಕೆಲವು ಎರಡು ಚಕ್ರಗಳವು, ಕೆಲವು ನಾಲ್ಕು ಚಕ್ರಗಳವು. ಫಾರ್ಚೂನರ್, ಸ್ಕಾರ್ಪಿಯೊ, ಸಫಾರಿ ಎಲ್ಲದರಲ್ಲಿಯೂ ಎರಡು ಬಗೆ ಇವೆ. ಥಾರ್ ಎಂದರೆ ಫೋರ್ ಬೈ ಫೋರ್ ಎಂದೇ ಜನ ತಿಳಿದಿದ್ದಾರೆ. 2023ರಿಂದ ಅದರಲ್ಲಿಯೂ ಎರಡು ಚಕ್ರಗಳ ಬಗೆ ಮಾರಾಟಕ್ಕೆ ಬಂದಿದೆ. ಆರ್‌ಸಿಯಲ್ಲಿರುವ ಮಾದರಿಯ ಪೂರ್ಣ ಹೆಸರನ್ನು ಓದಬೇಕು. ಗಾಡಿಯ ಕೆಳಗೆ ಮಲಗಿ ಮುಂದಿನ ಅಚ್ಚಿಗೆ ಹೋಗುವ ಶಾಫ್ಟು ಇದೆಯೇ ಎಂದು ನೋಡಬೇಕು. ಶಾಫ್ಟು ಕೆಟ್ಟಾಗ ಬಿಚ್ಚಿ ತೆಗೆದು, ಒಳಗಿನ ದೀಪ ಮಾತ್ರ ಉರಿಯುವಂತೆ ಬಿಟ್ಟಿರುವ ಗಾಡಿಗಳೂ ಇರುತ್ತವೆ.

ಎರಡನೆಯದು ಒಂದು ಜಿಪ್ಸಿ. 1985ರಲ್ಲಿ ಮಾರುತಿ ತಂದ ಈ ಸಣ್ಣ ಗಾಡಿಯ ಮೇಲೆ ಬೆಟ್ಟದ ಜನರಿಗೂ ಸೈನ್ಯಕ್ಕೂ ಇರುವ ಪ್ರೀತಿ ದೊಡ್ಡದು. ತೂಕ ಒಂದು ಟನ್ನಿಗೂ ಕಡಿಮೆ. ದೊಡ್ಡ ಗಾಡಿ ಹೂತುಹೋಗುವಲ್ಲಿ ಇದು ಹಿಮದ ಮೇಲೆ ಮೇಕೆಯಂತೆ ಓಡುತ್ತದೆ. ಲೋ ರೇಂಜ್ ಇದೆ, ಬಿಡಿಭಾಗಗಳು ಸಿಗುತ್ತವೆ, ಹಳ್ಳಿಯ ಮಿಸ್ತ್ರಿಯೂ ರಿಪೇರಿ ಮಾಡಬಲ್ಲ. ಕೊರತೆಗಳೂ ಇವೆ. ಎಬಿಎಸ್ ಇಲ್ಲ, ಗಾಳಿಚೀಲ ಇಲ್ಲ; ಪಟ್ಟಿ ಸ್ಪ್ರಿಂಗಿನ ಕುಲುಕಾಟ ಹೃದಯದ ರೋಗಿಗೆ ತಕ್ಕುದಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಬಲದ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ಸುರಂಗದ ಎತ್ತರದಲ್ಲಿ ಮೂರು ಪಾಲು ಹೋಗಿರುತ್ತದೆ. ಗಾಡಿ ಹಗುರವಾದುದರಿಂದ ಟ್ರೈಲರ್ ಎಳೆಯುವುದಕ್ಕೂ ಅಲ್ಲ. ಇದಲ್ಲದೆ ಈ ಜಿಪ್ಸಿಯ ಎಂಜಿನ್ ಸಂಖ್ಯೆ ಆರ್‌ಸಿಯ ಸಂಖ್ಯೆಗೆ ಹೊಂದಲಿಲ್ಲ. ಬೇರೆ ಎಂಜಿನ್ ಕೂರಿಸಿ, ಚಾಸಿಯನ್ನು ಎತ್ತರಿಸಿದ್ದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಬದಲಾವಣೆಯನ್ನು ನಿರ್ಬಂಧಿಸುತ್ತದೆ. ಕಂಪನಿಯು ಕೊಟ್ಟ ಮೂಲ ರಚನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ಹುಡುಕುವುದು ಇಂಥ ಲೋಪವನ್ನೇ.

ಸಂಜೆಗೆ ಗೆಳೆಯ ಬೇಸತ್ತಿದ್ದ. "ನೀ ಬಂದಿದ್ದು ಗಾಡಿ ಕೊಡಸಾಕೊ, ಬಿಡಸಾಕೊ ವಕೀಲಾ?" ಎಂದ. ಕಪ್ಪು ಗಾಡಿಯ ಆಸೆ ಅವನಲ್ಲಿ ಇನ್ನೂ ಇತ್ತು. ಕಾಗದ ಹೇಗಾದರೂ ಆದೀತು, ಎರಡು ಚಕ್ರಕ್ಕೆ ಸರಪಳಿ ಕಟ್ಟಿದರಾಯಿತು ಎಂಬುದು ಅವನ ವಾದ. ಅವನ ಹೆಂಡತಿ ಚಹದ ಲೋಟವನ್ನು ಕೆಳಗಿಟ್ಟು ಹಿಂದಿಯಲ್ಲಿ ಹೇಳಿದ ಮಾತು ಇಷ್ಟು: "ಊರಿಗೆ ತೋರಿಸುವ ಗಾಡಿ ನನಗೆ ಬೇಡ. ಅಪ್ಪನನ್ನು ಇಳಿಸಿಕೊಂಡು ಬರುವ ಗಾಡಿ ಬೇಕು." ಅಲ್ಲಿಗೆ ಆ ವಾದ ಮುಗಿಯಿತು.

ಮರುದಿನ ಕಂಡದ್ದು 2016ರ ಒಂದು ಸ್ಕಾರ್ಪಿಯೊ ಫೋರ್ ಬೈ ಫೋರ್. ಒಡೆಯ ಕುಲ್ಲುವಿನ ಸೇಬು ಬೆಳೆಗಾರ. ಮೊದಲಿನಿಂದ ಅವನೊಬ್ಬನದೇ ಹೆಸರು. ಬಾಗಿಲಿಗೆ ಕೊಂಬೆಗಳು ತರಚಿದ ಗೀರುಗಳು, ಸೀಟು ಮಾಸಿತ್ತು. ಆದರೆ ಸರ್ವಿಸಿನ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದ. ಟರ್ಬೊ ಡೀಸೆಲ್, ಲೋ ರೇಂಜ್, ಎಬಿಎಸ್, ಗಾಳಿಚೀಲ ಎಲ್ಲವೂ ಇದ್ದವು. ಚಾಸಿ ಬೇರೆ, ಮೈ ಬೇರೆ ಇರುವ ರಚನೆಯಾದುದರಿಂದ ಎಳೆಯುವ ಕೆಲಸಕ್ಕೂ ಆದೀತು.

ಗೆಳೆಯನ ಪರಿಚಯದ ವಯಸ್ಸಾದ ಮಿಸ್ತ್ರಿಯೊಬ್ಬ ಬಂದು ಬಾನೆಟ್ಟು ತೆರೆಯದೆ ನೇರ ಕೆಳಗೆ ಮಲಗಿದ. ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋದ. ತುಕ್ಕು ತಿಂದ ಕಡೆ ಸದ್ದು ಮಂದವಾಗುತ್ತದಂತೆ. ಹಿಂದಿನ, ಮುಂದಿನ ಡಿಫರೆನ್ಶಿಯಲ್ಲುಗಳ ಬಿರಡೆ ಸಡಿಲಿಸಿ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿದ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಹೊಳೆಯಲ್ಲಿ ಮುಳುಗಿದ ಗಾಡಿ ಎಂದೇ ಅರ್ಥ. ಆಮೇಲೆ ನದಿಯ ದಂಡೆಯ ಸಡಿಲ ಮರಳಿಗೆ ಒಯ್ದು, ನಾಲ್ಕು ಚಕ್ರದ ಗುಂಡಿ ತಿರುಗಿಸಿ, ಮುಂದಿನ ಚಕ್ರಗಳೂ ಮರಳನ್ನು ಒದೆಯುತ್ತವೆಯೇ ಎಂದು ನಮ್ಮನ್ನು ಹೊರಗೆ ನಿಲ್ಲಿಸಿ ತೋರಿಸಿದ. ಒದ್ದವು.

ಟೈರುಗಳಿಗೆ ಮಾತ್ರ ಅವನು ತಲೆಯಾಡಿಸಿದ. ಗೀರುಗಳು ಇನ್ನೂ ಆಳವಾಗಿಯೇ ಇದ್ದವು. ಆದರೆ ಬದಿಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳು 3517. ಮೊದಲೆರಡು ವಾರ, ಕೊನೆಯೆರಡು ವರ್ಷ: 2017ರ 35ನೇ ವಾರದಲ್ಲಿ ತಯಾರಾದವು. ವಯಸ್ಸಾದ ರಬ್ಬರು ಗಟ್ಟಿಯಾಗುತ್ತದೆ. ಚಳಿಯಲ್ಲಿ ಇನ್ನೂ ಗಟ್ಟಿಯಾಗಿ ಹಲಗೆಯಂತೆ ಜಾರುತ್ತದೆ. ಮೂರು ಶಿಖರಗಳ ನಡುವೆ ಹಿಮದ ಹಳಕು ಇರುವ ಚಿಹ್ನೆಯ ಟೈರುಗಳು ಚಳಿಯಲ್ಲಿಯೂ ಮೆತ್ತಗಿರುವ ರಬ್ಬರಿನವು. ನಮ್ಮ ಕಾಯ್ದೆಗೆ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ಹಿಮದ ನಾಡಾದ ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ ಕನಿಷ್ಠ 4 ಮಿಲಿಮೀಟರ್ ಬೇಕೆಂಬ ನಿಯಮವಿದೆ. ಬೆಲೆಯ ಚೌಕಾಸಿಯಲ್ಲಿ ಉಳಿದ ಹಣವೆಲ್ಲ ಅಂಥ ನಾಲ್ಕು ಟೈರುಗಳಿಗೂ ಎರಡು ಜೊತೆ ಸರಪಳಿಗಳಿಗೂ ಹೋಯಿತು.

ಕಾಗದದ ಕೆಲಸ ಅಂದೇ ಮಾಡಿದೆವು. ಹಳೆಯ ಗಾಡಿ ಕೊಳ್ಳುವ, ಮಾರುವ ನಮ್ಮ ಓದುಗರಿಗೆ ಇದು ಹಿಮದಷ್ಟೇ ಮುಖ್ಯವಾದುದರಿಂದ ಸ್ವಲ್ಪ ವಿವರಿಸುವೆ. ಗಾಡಿ ಮಾರಿದವನು 29ನೇ ನಮೂನೆಯಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಹೆಸರು ವರ್ಗಾವಣೆಯ ಅರ್ಜಿ 30ನೇ ನಮೂನೆ. ಕಾಯ್ದೆಯ 50ನೇ ಕಲಮಿನ ಪ್ರಕಾರ ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನ ಅವಧಿ. ವಿಮೆಯ ಹೆಸರನ್ನೂ 14 ದಿನಗಳೊಳಗೆ ಬದಲಿಸಲು ಅರ್ಜಿ ಕೊಡಬೇಕು. ಹಣ ಕೈಸೇರಿತು, ಕೀಲಿಕೈ ಕೊಟ್ಟೆವು, ಇನ್ನು ನಮಗೇನು ಎಂದು ಸುಮ್ಮನಿರುವವರು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪನ್ನು ತಿಳಿಯಬೇಕು. ಅಲ್ಲಿ ಕಾರು ಹಲವು ಕೈ ದಾಟಿ ಹೋಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನ ಮೇಲೆಯೇ ಬಿತ್ತು. ಗಾಡಿ ನಿಮ್ಮ ಅಂಗಳದಲ್ಲಿ ಇಲ್ಲದಿದ್ದರೂ ನಿಮ್ಮ ಹೆಸರಿನಲ್ಲಿ ಇರುವ ತನಕ ಅದರ ಪಾಪಪುಣ್ಯ ನಿಮ್ಮದೇ.

ಎಳೆಯುವ ವಿಷಯದಲ್ಲಿಯೂ ಕಾಯ್ದೆಗೆ ತನ್ನ ಮಾತಿದೆ. ಟ್ರೈಲರ್ ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ ಬೇಕು. ಬೆಸುಗೆ ಅಂಗಡಿಯಲ್ಲಿ ಮಾಡಿಸಿದ ಬಂಡಿಯನ್ನು ಹೆದ್ದಾರಿಗೆ ತರುವಂತಿಲ್ಲ. ಕಾಯ್ದೆಗಿಂತ ಕಠೋರವಾದುದು ಇಳಿಜಾರು. ಬಹಳಷ್ಟು ಸಣ್ಣ ಟ್ರೈಲರುಗಳಿಗೆ ಸ್ವಂತ ಬ್ರೇಕು ಇರುವುದಿಲ್ಲ. ಅದರ ಭಾರವನ್ನೆಲ್ಲ ಮುಂದಿನ ಗಾಡಿಯ ಟೈರುಗಳೇ ತಡೆಯಬೇಕು. ಯುರೋಪಿನಲ್ಲಿ ಬ್ರೇಕಿಲ್ಲದ ಟ್ರೈಲರಿನ ಒಟ್ಟು ತೂಕ 750 ಕಿಲೊ ಮೀರುವಂತಿಲ್ಲ. ಅದೂ ಒಣ ರಸ್ತೆಯಲ್ಲಿಯೇ. ಜಾರುವ ಇಳಿಜಾರಿನಲ್ಲಿ ಎಳೆಸಿಕೊಳ್ಳುವುದು ಎಳೆಯುವುದನ್ನು ದೂಡತೊಡಗುತ್ತದೆ. ಹಿಂದಿನಿಂದ ಬಂದು ಗಾಡಿಯನ್ನು ಅಡ್ಡಕ್ಕೆ ಮಡಚುತ್ತದೆ. ಆದುದರಿಂದ ಗೆಳೆಯನ ಮನೆಯಲ್ಲಿ ಒಂದು ನಿಯಮವಾಯಿತು: ಟ್ರೈಲರ್ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಾತ್ರ. ಹಿಮದ ತಿಂಗಳುಗಳಲ್ಲಿ ಸೌದೆ, ಸಿಲಿಂಡರುಗಳನ್ನು ಎರಡು ಸಲ ಹೋಗಿಯಾದರೂ ಗಾಡಿಯೊಳಗೇ ತರುವುದು.

ಮೂರನೆಯ ದಿನ ಆ ಗಾಡಿಯಲ್ಲಿಯೇ ಸಿಸ್ಸುವಿಗೆ ಹೊರಟೆವು. ಹಿಂದಿನ ರಾತ್ರಿ ಹಿಮ ಬಿದ್ದಿತ್ತು. ಸೋಲಂಗಿನ ತಡೆಯಲ್ಲಿ ಪೊಲೀಸನೊಬ್ಬ ಟೈರು ನೋಡಿ, ಸರಪಳಿ ಇದೆಯೇ ಎಂದು ಕೇಳಿ ಬಿಟ್ಟ. ಅಲ್ಲಿಂದ ಸುರಂಗದ ಬಾಯಿಯವರೆಗಿನ ಏರು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಹಿಮ ಕಾಣುವಲ್ಲಿ ಭಯ ಕಡಿಮೆ, ಕಾಣದಲ್ಲಿ ಹೆಚ್ಚು. ಬಿಸಿಲು ತಾಕದ ತಿರುವುಗಳಲ್ಲಿ, ಸೇತುವೆಗಳ ಮೇಲೆ ಕರಗಿದ ನೀರು ಮರಳಿ ಹೆಪ್ಪುಗಟ್ಟಿ ಗಾಜಿನ ಹಾಳೆಯಂತೆ ಮಲಗಿರುತ್ತದೆ. ಕೆಳಗಿನ ಡಾಂಬರು ಕಾಣುವುದರಿಂದ ಒದ್ದೆ ರಸ್ತೆಯೆಂದೇ ಭ್ರಮೆ. ಅಂಥಲ್ಲಿ ಗೆಳೆಯ ಬ್ರೇಕು ಮುಟ್ಟುತ್ತಿರಲಿಲ್ಲ, ಗೇರು ಬದಲಿಸುತ್ತಿರಲಿಲ್ಲ. ತಿರುವಿಗೆ ಮೊದಲೇ ವೇಗ ತಗ್ಗಿಸಿ ಉಸಿರು ಹಿಡಿದವನಂತೆ ದಾಟುತ್ತಿದ್ದ.

ಸುರಂಗದ ಬಾಯಿಯಲ್ಲಿ ಗುಂಡಿಯನ್ನು ಮತ್ತೆ ಎರಡು ಚಕ್ರಕ್ಕೆ ತಿರುಗಿಸಿದ. ಇದಕ್ಕೂ ಕಾರಣವಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಇಂಥ ಗಾಡಿಗಳಲ್ಲಿ ಎರಡು ಅಚ್ಚುಗಳನ್ನೂ ಬಿಗಿಯಾಗಿ ಕೂಡಿಸಿರುವುದರಿಂದ, ಒಣ ನೆಲದ ಮೇಲೆ ಆ ವ್ಯತ್ಯಾಸ ಜಾರಿ ಸರಿಹೋಗಲಾರದೆ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಹೊರಗೆ ಹಿಮ, ಒಳಗೆ ಒಣ ರಸ್ತೆ, ಆಚೆ ಮತ್ತೆ ಹಿಮ. ಅರ್ಧ ಗಂಟೆಯೊಳಗೆ ಮೂರು ಋತುಗಳಿಗೆ ಗಾಡಿಯನ್ನು ಹೊಂದಿಸಬೇಕು. ಡಸ್ಟರಿನ ಆಲ್ ವೀಲ್ ಡ್ರೈವ್‌ನಂಥ ಗಾಡಿಗಳಲ್ಲಿ ಈ ಚಿಂತೆ ಇಲ್ಲ, ಅವು ತಾವೇ ಹೊಂದಿಸಿಕೊಳ್ಳುತ್ತವೆ. ಆದರೆ ಅವಕ್ಕೆ ಲೋ ರೇಂಜ್ ಇಲ್ಲ.

ಆಚೆಯ ಬಾಯಿ ದಾಟಿದ ಮೇಲೆ ಬಯಲುಸೀಮೆಯ ಕಾರೊಂದು ರಸ್ತೆಯಂಚಿನ ಹಿಮದಲ್ಲಿ ಮೂಗು ಹೂತು ನಿಂತಿತ್ತು. ಒಳಗೆ ಇಬ್ಬರು ಮಕ್ಕಳು. ಚಾಲಕ ಬಂಪರಿಗೆ ಹಗ್ಗ ಬಿಗಿದು ಎಳೆಯಿರೆಂದು ಕೈಮುಗಿದ. ಗೆಳೆಯ ಹಗ್ಗ ಬಿಚ್ಚಿದ. ಬಂಪರು ಕಿತ್ತುಬರುತ್ತದೆ, ಟ್ರೈಲರ್ ಕೂಡಿಸುವ ಗುಂಡಿಗೆ ಕಟ್ಟಿದರೆ ಅದು ಮುರಿದು ಗುಂಡಿನಂತೆ ಹಾರಿ ಜೀವ ತೆಗೆದೀತು. ಎಳೆಯುವುದಕ್ಕೆಂದೇ ಕಂಪನಿಯವರು ಚಾಸಿಗೆ ಕೂಡಿಸಿಕೊಡುವ ಕೊಂಡಿಯನ್ನು ಆ ಕಾರಿನ ಸಾಮಾನಿನ ಪೆಟ್ಟಿಗೆಯಿಂದ ಹುಡುಕಿ ತೆಗೆದು ತಿರುಪಿದ. ಮಕ್ಕಳನ್ನು ಇಳಿಸಿ, ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿದ. ಲೋ ರೇಂಜಿನಲ್ಲಿ, ಜಗ್ಗದೆ, ಎತ್ತು ಹೊರೆ ಎಳೆದಂತೆ ನಿಧಾನವಾಗಿ ಎಳೆದ. ಕಾರು ರಸ್ತೆಗೆ ಬಂತು. ಹಣ ಕೊಡಲು ಬಂದವನಿಗೆ, "ಚಕ್ರಕ್ಕೆ ಸರಪಳಿ ಕೊಳ್ಳಿ" ಎಂದಷ್ಟೇ ಹೇಳಿದ.

ನಮ್ಮೂರಿನಿಂದ ಅಲ್ಲಿಗೆ ಗಾಡಿ ಒಯ್ಯುವವರಿಗೆ ಇನ್ನೂ ಎರಡು ಮಾತುಗಳಿವೆ. ಸೊಲ್ಲಾಪುರದ ಬಿಸಿಲಿನಲ್ಲಿ ರೇಡಿಯೇಟರಿಗೆ ಬರಿಯ ನೀರು ತುಂಬಿಸುವ ರೂಢಿ ನಮ್ಮಲ್ಲಿದೆ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಲಾಹೌಲಿನ ಒಂದು ರಾತ್ರಿ ಎಂಜಿನ್ನನ್ನೇ ಸೀಳಬಲ್ಲದು. ಹೊರಡುವ ಮೊದಲು ಕೂಲಂಟ್ ತುಂಬಿಸಬೇಕು. ಸಾಮಾನ್ಯ ಡೀಸೆಲ್ಲೂ ತೀವ್ರ ಚಳಿಯಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಅದಕ್ಕೆಂದೇ ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಲಡಾಖಿಗಾಗಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯಬಲ್ಲ ಚಳಿಗಾಲದ ಡೀಸೆಲ್ ತಂದಿತು. ರಾತ್ರಿ ಗಾಡಿ ನಿಲ್ಲಿಸುವಾಗ ಕೈಬ್ರೇಕು ಹಾಕಿದರೆ ಬೆಳಗಿಗೆ ಅದು ಹೆಪ್ಪುಗಟ್ಟಿ ಬಿಡದೆ ಹೋಗಬಹುದು. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುವುದೇ ಅಲ್ಲಿಯ ಪದ್ಧತಿ.

ಮಕ್ಕಳಿಗೆ ಹಿಮ ತೋರಿಸಬೇಕೆಂದು ಹೋಗುವ ಕುಟುಂಬಗಳು ಇದಕ್ಕಾಗಿ ಗಾಡಿ ಕೊಳ್ಳಬೇಕಾಗಿಲ್ಲ. ಸ್ವಂತ ಕಾರನ್ನು ಮನಾಲಿಯಲ್ಲಿ ಬಿಟ್ಟು, ಅಲ್ಲಿಯವರ ಫೋರ್ ಬೈ ಫೋರ್ ಗಾಡಿಯನ್ನು ಅಲ್ಲಿಯ ಚಾಲಕನೊಡನೆಯೇ ಬಾಡಿಗೆಗೆ ಹಿಡಿಯುವುದು ಜಾಣತನ. ಅವನು ಮುಂದೆ ಹೋಗುವುದು ಬೇಡ ಎಂದರೆ ಹಿಂದಿರುಗಬೇಕು. ನಾಲ್ಕು ಚಕ್ರಗಳಿಗೂ ಬಲವಿರುವ ಗಾಡಿಯಿಂದ ಆಗುವ ದೊಡ್ಡ ಅಪಾಯ ಇದೇ: ಹೋಗಬಾರದ ಜಾಗದವರೆಗೂ ಅದು ನಮ್ಮನ್ನು ಸಲೀಸಾಗಿ ಒಯ್ಯುತ್ತದೆ.

ಜನವರಿಯ ಕೊನೆಯಲ್ಲಿ ಗೆಳೆಯನ ಫೋನು ಬಂದಿತ್ತು. ಮಾವನನ್ನು ಕುಲ್ಲುವಿಗೆ ಒಯ್ದು ತಂದನಂತೆ. ಹೋಗುವ ದಿನ ಬೆಳಿಗ್ಗೆ ಹಿಮ ಹೆಚ್ಚಾಗಿತ್ತು; ವೈದ್ಯರಿಗೆ ಫೋನು ಮಾಡಿ, ಕೇಳಿ, ಒಂದು ದಿನ ತಡೆದು ಹೊರಟನಂತೆ. ಗಾಡಿ ಹೇಗಿದೆ ಎಂದು ಕೇಳಿದೆ. "ಗಾಡಿ ಛಲೋ ಐತಿ," ಎಂದ, "ಒಂದ್ ದಿನ ನಿಂತದ್ದ ಇನ್ನೂ ಛಲೋ ಆತು."